ಹಾಸಿಗೆಯ ಅಳತೆ ತಿಳಿಯದ ತಂತ್ರಾಂಶ



ಕಳೆದ ವರ್ಷ ದುಬೈಯಲ್ಲಿ ನಡೆದ ನಮ್ಮ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ನೋಂದಣಿಯ ತಂತ್ರಾಂಶವು ಬೆಳಗಿನ ಹೊತ್ತಿನಲ್ಲೇ ಮೂರು ಬಾರಿ ನಿಂತುಹೋಯಿತು. ವಾರದ ಏಕೈಕ ರಜಾದಿನದಂದು ಲೇಬರ್ ಕ್ಯಾಂಪಿನಿಂದ ಬಂದಿದ್ದ ಕಾರ್ಮಿಕ ಬಂಧುಗಳು ಸಾಲಿನಲ್ಲಿ ಕಾದು ನಿಂತರು. ಇಬ್ಬರು ಹಿಂದಿರುಗಿಯೇ ಬಿಟ್ಟರು; ಅವರ ರಕ್ತದೊತ್ತಡ ಎಷ್ಟಿತ್ತೋ ನಾನರಿಯೆ.

ಕಾರಣವನ್ನು ನಮ್ಮ ಎಂಜಿನಿಯರ್ ಮಿತ್ರರು ಬಳಿಕ ವಿವರಿಸಿದರು. ತಂತ್ರಾಂಶವು 'ಕಂಟೈನರ್' ಎಂಬ ಪ್ರತ್ಯೇಕ ಆವರಣದೊಳಗೆ ಓಡುತ್ತಿತ್ತು. ಯಂತ್ರದಲ್ಲಿದ್ದುದು 16 ಜಿಬಿ ಮೆಮೊರಿ, ಆವರಣಕ್ಕೆ ದೊರೆತದ್ದು 1 ಜಿಬಿ. ಹಳೆಯ ಜಾವಾ ಆವೃತ್ತಿಗೆ ಆವರಣದ ಗೋಡೆ ಕಾಣಲಿಲ್ಲ. ಯಂತ್ರದ ಕಾಲು ಭಾಗವಾದ 4 ಜಿಬಿಯವರೆಗೂ ತನ್ನದೇ ಎಂದು ಬಗೆಯಿತು. ಮಿತಿ ಮೀರಿದೊಡನೆ ಲಿನಕ್ಸ್ ಅದನ್ನು ಕೊನೆಗೊಳಿಸಿತು. ಹಾಸಿಗೆಯ ಅಳತೆಯೇ ತಿಳಿಯದವನು ಕಾಲನ್ನು ಎಷ್ಟೆಂದು ಚಾಚಿಯಾನು? 2018ರಲ್ಲಿ ಬಂದ ಜಾವಾ 10 ಈ ಕೊರತೆಯನ್ನು ನೀಗಿಸಿತ್ತು. ನಾವು ಹಳೆಯದರಲ್ಲೇ ಉಳಿದಿದ್ದೆವು.

ಆದುದರಿಂದ ತಂತ್ರಾಂಶವು 'ನಾನು ಎಲ್ಲಿರುವೆ?' ಎಂದು ಕೇಳುವುದು ತಪ್ಪಲ್ಲ. ಕೇಳುವ ಬಗೆಯಲ್ಲಿ ಎಚ್ಚರ ಬೇಕು. ಅನೇಕ ತಂತ್ರಾಂಶಗಳು ಡಾಕರ್ ಇರಿಸುವ ಒಂದು ಖಾಲಿ ಕಡತವನ್ನೋ, ಸಿಗ್ರೂಪ್ ವಿವರದಲ್ಲಿ ಕಾಣುವ ಹೆಸರನ್ನೋ ಹುಡುಕುತ್ತವೆ. ಪಾಡ್‌ಮನ್ ಇರಿಸುವ ಕಡತವೇ ಬೇರೆ. ಸಿಗ್ರೂಪ್‌ನ ಎರಡನೆಯ ಆವೃತ್ತಿಯಲ್ಲಿ ಆ ಹೆಸರು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಒಂದು ಲಕ್ಷಣವನ್ನು ಕಂಡು ರೋಗವನ್ನು ನಿರ್ಧರಿಸುವುದು ವೈದ್ಯನಿಗೂ ಸಲ್ಲದು.

ಇನ್ನೊಂದು ಅಪಾಯವೂ ಉಂಟು. ರಕ್ತಪರೀಕ್ಷೆಗೆ ಎರಡು ದಿನ ಮುಂಚೆ ಸಿಹಿ ಬಿಡುವ ಮಧುಮೇಹಿಗಳನ್ನು ನಾನು ಬಲ್ಲೆ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಅವರನ್ನು ಹಿಡಿದುಕೊಡುತ್ತದೆ. 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಿ ಕಾರಿನ ತಂತ್ರಾಂಶವು ಪರೀಕ್ಷೆಯನ್ನು ಗುರುತಿಸಿ, ಆಗ ಮಾತ್ರ ಹೊಗೆಯ ವಿಷಾಂಶವನ್ನು ತಗ್ಗಿಸುತ್ತಿತ್ತು. ತಾನಿರುವ ಸ್ಥಳವನ್ನರಿತು ನಡತೆ ಬದಲಿಸುವ ತಂತ್ರಾಂಶವನ್ನು ಪರೀಕ್ಷಿಸಿ ಫಲವೇನು?

ಇಂದು ಅಬುಧಾಬಿಯಲ್ಲಿ ಮಲಫಿ, ದುಬೈಯಲ್ಲಿ ನಬಿದ್ ವ್ಯವಸ್ಥೆಗಳ ಮೂಲಕ ನಮ್ಮ ಆರೋಗ್ಯ ದಾಖಲೆಗಳು ಆಸ್ಪತ್ರೆಗಳ ನಡುವೆ ಹಂಚಿಕೆಯಾಗುತ್ತಿವೆ. ಇಂಥ ಕ್ಷೇತ್ರದಲ್ಲಿ ದುಡಿಯುವ ನಮ್ಮವರಲ್ಲಿ ನನ್ನ ವಿನಂತಿ ಇಷ್ಟೇ: ಮಿತಿ ತಿಳಿಯಬೇಕಾದಲ್ಲಿ ಮಿತಿಯನ್ನೇ ಓದಿಸಿ, ಆವರಣದ ಗುರುತು ಬೇಕಾದಲ್ಲಿ ಸ್ಥಾಪಿಸುವವರೇ ಅದನ್ನು ಸ್ಪಷ್ಟವಾಗಿ ನಮೂದಿಸಲಿ, ಬಳಸುವ ಆವರಣದಲ್ಲಿಯೇ ಪರೀಕ್ಷೆಯೂ ನಡೆಯಲಿ.

ಮುಂದಿನ ಶಿಬಿರಕ್ಕೂ ನಾನು ಒಂದು ಕಟ್ಟು ಹಾಳೆ ತರುತ್ತೇನೆ. ಅದನ್ನು ಬಿಚ್ಚುವ ಪ್ರಮೇಯ ಬಾರದಿರಲಿ.