ಹೆಬ್ಬೆಟ್ಟು ಒತ್ತಿದರೆ ಒಪ್ಪಿಗೆಯೇ?

'ಹೇಗೂ ಹೆರಿಗೆಗೆ ಬಂದಿದ್ದಾಳೆ, ಆಪರೇಷನ್ನೂ ಮಾಡಿಬಿಡಿ ಡಾಕ್ಟ್ರೇ.' ಹೀಗೆ ಹೇಳುವವರು ಗಂಡ, ಅತ್ತೆ ಅಥವಾ ಊರಿನ ಹಿರಿಯರು. ಹೊಟ್ಟೆ ಕೊಯ್ಯಿಸಿಕೊಳ್ಳಬೇಕಾದವಳನ್ನು ಕೇಳುವವರು ಕಡಿಮೆ. ಚಾಮರಾಜನಗರ, ಗುಂಡ್ಲುಪೇಟೆಯ ಆಸ್ಪತ್ರೆಗಳಿಗೆ ಪೋಡುಗಳಿಂದ ಬರುವ ಸೋಲಿಗ ಹೆಣ್ಣುಮಕ್ಕಳನ್ನು, ಹಾಡಿಗಳಿಂದ ಬರುವ ಜೇನುಕುರುಬ ಹೆಣ್ಣುಮಕ್ಕಳನ್ನು ಕೇಳುವವರು ಇನ್ನೂ ಕಡಿಮೆ.

ಕೇಳದಿದ್ದರೆ ಏನಾಗುತ್ತದೆ? 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 13 ಮಹಿಳೆಯರು ತೀರಿಕೊಂಡರು. ಒಂದು ಶಿಬಿರದಲ್ಲಂತೂ ಒಬ್ಬರೇ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿದ್ದರು. ಸತ್ತವರಲ್ಲಿ ಬೈಗಾ ಬುಡಕಟ್ಟಿನ ಮಹಿಳೆಯೂ ಇದ್ದರು. ನಮ್ಮ ಜೇನುಕುರುಬರಂತೆ ಬೈಗಾ ಜನರನ್ನೂ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟೆಂದು ಗುರುತಿಸಿದೆ. ಅವರಿಗೆ ಈ ಶಸ್ತ್ರಚಿಕಿತ್ಸೆ ಮಾಡಕೂಡದೆಂದು ಆಗಿನ ಮಧ್ಯಪ್ರದೇಶ ಸರ್ಕಾರ 1979ರಲ್ಲೇ ಆದೇಶಿಸಿತ್ತು. ಮಕ್ಕಳು ಸಾಕೆಂದ ಬೈಗಾ ಹೆಂಗಸರಿಗೆ ಅದೂ ಅನ್ಯಾಯವೇ. ಬೇಡವೆಂದವಳಿಗೆ ಬಲವಂತ, ಬೇಕೆಂದವಳಿಗೆ ನಿಷೇಧ: ಎರಡರಲ್ಲೂ ಅವಳ ಮಾತಿಗೆ ಬೆಲೆಯಿಲ್ಲ.

ಪೆರು ದೇಶದಲ್ಲಿ 1996ರಿಂದ 2000ದವರೆಗೆ 2 ಲಕ್ಷಕ್ಕೂ ಹೆಚ್ಚು ಮಹಿಳೆಯರಿಗೆ ಈ ಶಸ್ತ್ರಚಿಕಿತ್ಸೆ ನಡೆಯಿತು. ಬಲವಂತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು ಬಡ ಮೂಲನಿವಾಸಿಗಳು. ತಮಗಾದ ಅನ್ಯಾಯವನ್ನು ದಾಖಲಿಸುವ ಸರ್ಕಾರಿ ಪಟ್ಟಿಗಾಗಿ ಅವರು 2015ರವರೆಗೆ ಕಾಯಬೇಕಾಯಿತು.

ನಮ್ಮ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 14ರಂದು ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದೂ ಶಸ್ತ್ರಚಿಕಿತ್ಸೆಯ ಪರಿಣಾಮಗಳನ್ನು ಆಕೆಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕೆಂದೂ ಹೇಳಿತು.

ಓದುಗರು ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕು. ಇದು ಶಾಶ್ವತ ಕ್ರಮ. ಕತ್ತರಿಸಿದ ನಾಳವನ್ನು ಮತ್ತೆ ಜೋಡಿಸಿದರೂ ಗರ್ಭ ನಿಲ್ಲುವ ಖಾತರಿಯಿಲ್ಲ. ಒಪ್ಪಿಗೆ ಆಕೆಯದೇ ಆಗಿರಬೇಕು. ಗಂಡನ ಸಹಿ ಕಡ್ಡಾಯವಲ್ಲ. ಹೆರಿಗೆ ನೋವಿನಲ್ಲಿರುವಾಗ ಅಥವಾ ಮಂಪರಿನಲ್ಲಿರುವಾಗ ಹೆಬ್ಬೆಟ್ಟು ಒತ್ತಿಸಿಕೊಳ್ಳಬಾರದು. ಗರ್ಭಿಣಿಯಾಗಿದ್ದಾಗಲೇ ಮಾತನಾಡಿ, ಯೋಚಿಸಲು ಸಮಯ ಕೊಡಬೇಕು. ಆಪರೇಷನ್ ಟೇಬಲ್ ಹತ್ತುವವರೆಗೂ ಬೇಡವೆನ್ನಬಹುದು. ಹಾಗೆಂದು ಬೇರೆ ಚಿಕಿತ್ಸೆ ತಪ್ಪಿಸುವಂತಿಲ್ಲ. ಕಾಪರ್-ಟಿ, ಮಾತ್ರೆ, ಚುಚ್ಚುಮದ್ದು, ನಿರೋಧ್ ಬಗ್ಗೆಯೂ ಹೇಳಬೇಕು. ಗಂಡಸರ ಶಸ್ತ್ರಚಿಕಿತ್ಸೆ ಇದಕ್ಕಿಂತ ಸರಳ, ಹೆಚ್ಚು ಸುರಕ್ಷಿತ. ಆದರೂ ಮನೆಯಲ್ಲಿ ಆ ಮಾತೇ ಏಳುವುದಿಲ್ಲ.

ನಿಮ್ಮ ಮಗಳಿಗೆ ಕೇಳದೆ ಯಾರಾದರೂ ಹೀಗೆ ಮಾಡಿದರೆ ಸುಮ್ಮನಿರುತ್ತೀರಾ? ಪೋಡಿನ ಹೆಣ್ಣುಮಗಳಿಗೂ ಅದೇ ನ್ಯಾಯ. ನೀವು ನರ್ಸ್, ಆಶಾ ಕಾರ್ಯಕರ್ತೆ, ಮೇಷ್ಟ್ರು ಅಥವಾ ಬರೀ ನೆರೆಯವರಾಗಿದ್ದರೂ ಸರಿ, ಮೊದಲು ಆಕೆಯನ್ನೇ ಕೇಳಿ, 'ನಿನಗೇನು ಬೇಕು, ತಾಯಿ?'