ಮುಟ್ಟು ನಿಂತ ಮೇಲಿನ ಉರಿ: ಹಾರ್ಮೋನಿಲ್ಲದ ಔಷಧವಿದೆ, ಕೇಳುವ ಮಾತಿಲ್ಲ



ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2025ರ ನವೆಂಬರಿನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ಮುಟ್ಟು ನಿಂತ ಮಹಿಳೆಯರಿಗೆ ಕೊಡುವ ಹಾರ್ಮೋನ್ ಔಷಧಗಳ ಮಾಹಿತಿಪತ್ರದಲ್ಲಿ 2003ರಿಂದ ಇದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಬಹುಮಟ್ಟಿಗೆ ತೆಗೆಸುವುದಾಗಿ ಅದು ಹೇಳಿತು. ಇಂಥ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ನಮ್ಮ ತನಕ ಬರುವ ಹೊತ್ತಿಗೆ "ಹಾರ್ಮೋನಿಗೆ ಇನ್ನು ಭಯವಿಲ್ಲ" ಎಂಬ ಒಂದೇ ಸಾಲಾಗಿರುತ್ತದೆ.

ಸುದ್ದಿ ಸುಳ್ಳಲ್ಲ, ಆದರೆ ಅರ್ಧ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಎರಡು ಹಾರ್ಮೋನುಗಳನ್ನು ಸೇರಿಸಿದ ಗುಳಿಗೆ ನುಂಗುತ್ತಿದ್ದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿದ್ದು ಕಂಡು, ಆ ಭಾಗವನ್ನು ನಡುವೆಯೇ ನಿಲ್ಲಿಸಿದರು. ಆಮೇಲೆ ಯೋನಿಯೊಳಗೆ ಮಾತ್ರ ಹಚ್ಚುವ, ರಕ್ತಕ್ಕೆ ತೀರಾ ಕಡಿಮೆ ಸೇರುವ ಸಣ್ಣ ಪ್ರಮಾಣದ ಕ್ರೀಮಿಗೂ ಅದೇ ಎಚ್ಚರಿಕೆ ಅಂಟಿಸಿದರು. ಎಲ್ಲಕ್ಕೂ ಒಂದೇ ಶಿಕ್ಕಾ. ಈಗ ಅದನ್ನು ತಿದ್ದುತ್ತಿದ್ದಾರೆ, ಒಳ್ಳೆಯದೇ. ಆದರೆ ನಮ್ಮ ಸೊಲ್ಲಾಪುರ-ಅಕ್ಕಲಕೋಟೆ ಭಾಗದ ಹೆಣ್ಣುಮಕ್ಕಳು ಹಾರ್ಮೋನ್ ಬೇಕೋ ಬೇಡವೋ ಎಂಬ ಪ್ರಶ್ನೆಯ ತನಕ ಬಂದೇ ಇಲ್ಲ. ಅದಕ್ಕೂ ಮೊದಲಿನ ಮೆಟ್ಟಿಲು, ಅಂದರೆ ಹಾರ್ಮೋನಿಲ್ಲದ ಸಾದಾ ಉಪಾಯ, ಅದನ್ನೇ ಅವರಿಗೆ ಯಾರೂ ಹೇಳಿಲ್ಲ.

ತೊಂದರೆ ಏನೆಂದು ಬಿಡಿಸಿ ಬರೆಯುತ್ತೇನೆ. ಸಂಘದ ಪತ್ರಿಕೆಯಲ್ಲಿ ಇದೇಕೆ ಎನ್ನುವವರು ಕೊನೆಯ ತನಕ ಓದಬೇಕು. ನಮ್ಮ ದೇಶದ ಮಹಿಳೆಯರಿಗೆ ಸರಾಸರಿ 46-47ರ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜೆನ್ ಇಳಿದಾಗ ಯೋನಿಯ ಒಳಪೊರೆ ತೆಳುವಾಗುತ್ತದೆ, ಪಸೆ ಆರುತ್ತದೆ, ಸೋಂಕು ತಡೆಯುವ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ತುರಿಕೆ, ಉರಿ, ಗಂಡ-ಹೆಂಡಿರ ಕೂಡುವಿಕೆಯಲ್ಲಿ ನೋವು, ಪದೇಪದೇ ಮೂತ್ರದ ಸೋಂಕು ಎಲ್ಲಕ್ಕೂ ಇದೇ ಮೂಲ ಇರಬಹುದು. ಮೈ ಬಿಸಿಯೇರಿ ಬೆವರುವುದು ಕೆಲವು ವರ್ಷಗಳಲ್ಲಿ ಸಾಮಾನ್ಯವಾಗಿ ತಣಿಯುತ್ತದೆ. ಈ ಒಣಗುವಿಕೆ ಹಾಗಲ್ಲ, ಔಷಧ ಮಾಡದಿದ್ದರೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ.

ಈಗ ನಮ್ಮ ಊರಿನ ಮಾತು. ಅಕ್ಕಲಕೋಟೆ ಕಡೆಯ ಹಳ್ಳಿಯ ಕನ್ನಡದ ತಾಯಿಯೊಬ್ಬಳು ಸೊಲ್ಲಾಪುರದ ದವಾಖಾನೆಗೆ ಬರುತ್ತಾಳೆ. ಡಾಕ್ಟರರ ಭಾಷೆ ಮರಾಠಿ. ಅವಳ ಮರಾಠಿ ಸಂತೆಗೆ ಸಾಕು, ಇದಕ್ಕೆ ಸಾಲದು. ಜೊತೆಗೆ ಮಗ ಬಂದಿರುತ್ತಾನೆ, ಶಾಲೆಯಲ್ಲಿ ಮರಾಠಿ ಕಲಿತವನು. ಮಗನ ಬಾಯಿಂದ ಇದನ್ನು ಹೇಳಿಸುವುದು ಹೇಗೆ? "ಉರಿ ಮೂತ್ರ ಅಂತ ಹೇಳೋ ತಮ್ಮಾ" ಅನ್ನುತ್ತಾಳೆ. ಸೋಂಕಿನ ಗುಳಿಗೆ ಸಿಗುತ್ತದೆ. ಎರಡು ತಿಂಗಳಿಗೆ ಮತ್ತೆ ಅದೇ ಉರಿ, ಮತ್ತೆ ಅದೇ ಗುಳಿಗೆ. ಇದು ಒಬ್ಬರ ಕಥೆಯಲ್ಲ. ಮರಾಠಿ ಬಲ್ಲವರೆಂದು ಕರೆಸಿಕೊಂಡು ದವಾಖಾನೆಗೆ ಜೊತೆ ಹೋದ ನಮ್ಮಂಥವರೂ ಹೊರಗಿನ ಬೆಂಚಿನ ಮೇಲೆ ಕೂತು "ಹೊಟ್ಟೆನೋವು ಅಂತ ಬರೆಸಿದರಾಯಿತು" ಎಂದಿದ್ದೇವೆ. ಗಡಿಯ ಪ್ರಶ್ನೆ ಎಂದರೆ ಮಹಾಜನ ವರದಿ, ಶಾಲೆ, ಬೋರ್ಡು ಎಂದು ನಾವು ಎಷ್ಟೋ ಬರೆದಿದ್ದೇವೆ. ಭಾಷೆ ಇಲ್ಲದೆ ರೋಗ ಹೇಳಲಾಗದಿರುವುದೂ ಗಡಿಯ ಪ್ರಶ್ನೆಯೇ.

ಹೇಳದೆ ಉಳಿದ ಮಾತಿನ ಬೆಲೆ ಏನೆಂದು ನಮ್ಮ ಎರಡೂ ಪಕ್ಕದಲ್ಲಿ ನೋಡಿದ್ದೇವೆ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ 82,309 ಮಂದಿಯನ್ನು 2019ರಲ್ಲಿ ವಿಚಾರಿಸಿದಾಗ 13,861 ಮಂದಿಗೆ ಗರ್ಭಚೀಲ ಇರಲಿಲ್ಲ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೂ ಕಬ್ಬು ಕಡಿಯಲು ಬೀಡಿನವರು ಬರುತ್ತಾರೆ. ಇತ್ತ ಕಲಬುರಗಿಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಚೀಲ ಬೇಕಿಲ್ಲದೆ ತೆಗೆದ ಪ್ರಕರಣ 2015ರಲ್ಲಿ ಬಯಲಿಗೆ ಬಂದು ತನಿಖೆ ನಡೆಯಿತು. ಬಂದ ದೂರು ಬಿಳಿ ಸೆರಗು, ಸೊಂಟನೋವು. ಸಿಕ್ಕ ಉತ್ತರ "ಕ್ಯಾನ್ಸರ್ ಆದೀತು, ಚೀಲ ತೆಗೆಸಿಬಿಡಿ". 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಇಂಥ ಅನಗತ್ಯ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಲು ಎಲ್ಲ ರಾಜ್ಯಗಳಿಗೂ ಹೇಳಿತು.

ಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲ ಒಂದೇ ದಿನದಲ್ಲಿ ಬಂದುಬಿಡುತ್ತದೆ. ಅಂಡಾಶಯ ಉಳಿಸಿದರೂ ಕೆಲವರಿಗೆ ಬೇಗ ಬರುತ್ತದೆ. ಮೂವತ್ತೈದರ ಹೆಣ್ಣುಮಗಳಿಗೆ ಐವತ್ತರ ಉರಿ. "ಚೀಲ ತೆಗಿಸ್ಯಾರ, ಇನ್ನೇನದ" ಎಂದು ಮನೆಯವರು ಸುಮ್ಮನಾಗುತ್ತಾರೆ. ಇಷ್ಟು ಚಿಕ್ಕ ವಯಸ್ಸಿನವರಿಗೆ ಮಾತ್ರ ಹಾರ್ಮೋನಿಲ್ಲದ ಉಪಾಯವಷ್ಟೇ ಸಾಲದು. ಅವರ ಎಲುಬು, ಹೃದಯದ ದೃಷ್ಟಿಯಿಂದ ಹಾರ್ಮೋನ್ ಬೇಕಾಗಬಹುದು, ಅದನ್ನು ಸ್ತ್ರೀರೋಗ ತಜ್ಞರಲ್ಲಿ ಕೇಳಲೇಬೇಕು.

ಉಳಿದವರಿಗೆ ಹಾರ್ಮೋನಿಲ್ಲದ ದಾರಿ ಎರಡು, ಮತ್ತು ಎರಡೂ ಬೇರೆ ಬೇರೆ. ಇದನ್ನು ಗೊಂದಲ ಮಾಡಿಕೊಂಡೇ ಬಹಳ ಮಂದಿ "ಉಪಯೋಗವಿಲ್ಲ" ಎಂದು ಬಿಡುತ್ತಾರೆ. ಮೊದಲನೆಯದು ಮಾಯಿಶ್ಚರೈಸರ್, ಪಸೆ ಹಿಡಿದಿಡುವ ಜೆಲ್. ಇದನ್ನು ವಾರಕ್ಕೆ ಎರಡು-ಮೂರು ಸಲ, ಗಂಡನ ಸಂಗ ಇರಲಿ ಬಿಡಲಿ, ತಪ್ಪದೆ ಒಳಗೆ ಹಚ್ಚಬೇಕು. ವಿಧವೆಯರಿಗೂ ಒಂಟಿಯಾಗಿರುವವರಿಗೂ ಇದು ಬೇಕಾಗಬಹುದು, ಏಕೆಂದರೆ ಉರಿ ಗಂಡನಿದ್ದಾನೋ ಇಲ್ಲವೋ ಎಂದು ನೋಡಿ ಬರುವುದಿಲ್ಲ. ಕೆಲವು ಜೆಲ್‌ಗಳಲ್ಲಿ ಹೈಅಲುರಾನಿಕ್ ಆಮ್ಲ ಇರುತ್ತದೆ, ಅದು ಹಾರ್ಮೋನ್ ಅಲ್ಲ. ಎರಡನೆಯದು ಲೂಬ್ರಿಕಂಟ್, ಜಾರುವ ಜೆಲ್. ಅದು ಆ ಹೊತ್ತಿಗೆ ಮಾತ್ರ. ಗ್ಲಿಸರಿನ್ ವಿಪರೀತ ಇರುವ ಗಾಢ ಜೆಲ್ ಒಳಪೊರೆಯಿಂದಲೇ ನೀರೆಳೆದು ಇನ್ನಷ್ಟು ಒಣಗಿಸೀತು. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿಯೇ ಈ ಗಾಢತೆಗೆ ಮಿತಿ ಹೇಳಿದೆ. ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಯಾವ ಎಣ್ಣೆಯೂ ರಬ್ಬರಿನ ನಿರೋಧವನ್ನು ಹಾಳುಮಾಡುತ್ತದೆ ಎಂಬುದು ನೆನಪಿರಲಿ. ಒಳಗೆ ಸಾಬೂನು, ಡೆಟಾಲು ಹಾಕಿ ತೊಳೆಯುವ ರೂಢಿಯನ್ನಂತೂ ಬಿಡಲೇಬೇಕು.

ಇಂಥ ಜೆಲ್ ನಿಜವಾಗಿ ಕೆಲಸ ಮಾಡುತ್ತದೆಯೇ? 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 302 ಮಹಿಳೆಯರನ್ನು ಮೂರು ಗುಂಪು ಮಾಡಿ 12 ವಾರ ನೋಡಿದರು. ಒಂದು ಗುಂಪಿಗೆ ಯೋನಿಯೊಳಗಿಡುವ ಈಸ್ಟ್ರೋಜೆನ್ ಗುಳಿಗೆ, ಇನ್ನೊಂದಕ್ಕೆ ಮಾಯಿಶ್ಚರೈಸರ್, ಮೂರನೆಯದಕ್ಕೆ ಔಷಧವಿಲ್ಲದ ಗುಳಿಗೆ ಮತ್ತು ಸಾದಾ ಜೆಲ್. ಮೂರರಲ್ಲೂ ತೊಂದರೆ ಸರಿಸುಮಾರು ಒಂದೇ ಪ್ರಮಾಣದಲ್ಲಿ ಇಳಿಯಿತು. ಇದರಿಂದ ಹಾರ್ಮೋನ್ ಕ್ರೀಮು ವ್ಯರ್ಥ ಎಂದಾಗುವುದಿಲ್ಲ, ಜೆಲ್ಲಿನಿಂದ ತಣಿಯದವರಿಗೆ ಅದು ಬೇಕು. ಆದರೆ ಮೊದಲು ಸಾದಾ ಜೆಲ್ ಹಚ್ಚಿ ನೋಡುವುದರಲ್ಲಿ ನಷ್ಟವಿಲ್ಲ. ನಷ್ಟ ಇರುವುದು ದೊಡ್ಡ ಊರುಗಳಲ್ಲಿ ಜಾಹೀರಾತು ಕೊಡುವ ಲೇಸರ್ ಚಿಕಿತ್ಸೆಯಲ್ಲಿ. 2018ರಲ್ಲಿ ಅಮೆರಿಕದ ಅದೇ ನಿಯಂತ್ರಣ ಸಂಸ್ಥೆ ಅದರ ವಿರುದ್ಧ ಎಚ್ಚರಿಸಿತ್ತು. 2021ರಲ್ಲಿ ಆಸ್ಟ್ರೇಲಿಯಾದ 85 ಮಹಿಳೆಯರ ಪರೀಕ್ಷೆಯಲ್ಲಿ, ಒಂದು ವರ್ಷದ ನಂತರ ನಿಜವಾದ ಲೇಸರಿಗೂ ತೋರಿಕೆಯ ಲೇಸರಿಗೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಬಾರ್ಶಿಯ ಮಾತೂ ಹೇಳಬೇಕು. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ನಮ್ಮ ಜಿಲ್ಲೆಯ ಬಾರ್ಶಿಯಲ್ಲಿ. ಸ್ತನ ಕ್ಯಾನ್ಸರ್ ಗುಣವಾಗಿ ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್ ಗುಳಿಗೆ ವರ್ಷಗಟ್ಟಲೆ ನುಂಗುವ ಅಕ್ಕ-ತಂಗಿಯರು ನಮ್ಮ ನಡುವೆಯೂ ಇದ್ದಾರೆ. ಈ ಗುಳಿಗೆ, ಅದರಲ್ಲೂ ಲೆಟ್ರೊಜೋಲ್, ಒಣಗುವಿಕೆಯನ್ನು ಹೆಚ್ಚಿಸಬಲ್ಲದು. ಅವರಿಗೆ ಹಾರ್ಮೋನಿಲ್ಲದ ಜೆಲ್ಲೇ ಮೊದಲ ಔಷಧ. ಅಮೆರಿಕದ ಸುದ್ದಿ ಓದಿ ಅಂಗಡಿಯಿಂದ ಹಾರ್ಮೋನ್ ಕ್ರೀಮು ತಂದು ಹಚ್ಚುವುದು ಬೇಡ, ತಮ್ಮ ಕ್ಯಾನ್ಸರ್ ಡಾಕ್ಟರರನ್ನು ಕೇಳದೆ ಖಂಡಿತ ಬೇಡ.

ಡಾಕ್ಟರರ ಮುಂದೆ ಹೇಳಲು ನಾಲ್ಕು ಮರಾಠಿ ವಾಕ್ಯ ಕೆಳಗೆ ಕೊಟ್ಟಿದ್ದೇನೆ. ಮಗನ ಸಹಾಯ ಬೇಡ, ಚೀಟಿ ತೋರಿಸಿದರೂ ಸಾಕು ಎಂದು ಕನ್ನಡ ಲಿಪಿಯಲ್ಲಿಯೂ ಮರಾಠಿ ಲಿಪಿಯಲ್ಲಿಯೂ ಬರೆದ ಪ್ರತಿಗಳನ್ನು ಸಂಘದ ಕಚೇರಿಯಲ್ಲಿ ಇಡುತ್ತೇವೆ.

"ಪಾಳಿ ಬಂದ ಝಾಲಿ ಆಹೇ": ಮುಟ್ಟು ನಿಂತಿದೆ.
"ಯೋನಿಮಾರ್ಗಾತ ಕೋರಡೇಪಣಾ ಆಹೇ, ಜಳಜಳ ಹೋತೇ": ಒಳಗೆ ಒಣಗಿದೆ, ಉರಿಯುತ್ತದೆ.
"ಸಂಬಂಧಾಚ್ಯಾ ವೇಳೀ ದುಖತಂ": ಕೂಡುವಾಗ ನೋಯುತ್ತದೆ.
"ಹಾರ್ಮೋನಶಿವಾಯ ಔಷಧ ಆಹೇ ಕಾ?": ಹಾರ್ಮೋನಿಲ್ಲದ ಔಷಧ ಇದೆಯೇ?

ಉರಿ ಮೂತ್ರ ಮರಳಿ ಮರಳಿ ಬರುತ್ತಿದ್ದರೆ ಗುಳಿಗೆಗೆ ಮೊದಲು ಮೂತ್ರ ತಪಾಸಣೆ ಮಾಡಿಸಿ ಎಂದು ಕೇಳಿ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಜೆಲ್ ಹಚ್ಚಿಕೊಂಡು ಕೂಡದೆ ಅದೇ ವಾರ ತೋರಿಸಬೇಕು. ಚೀಟಿ ಬೇಕಾದ ಹೆಣ್ಣುಮಕ್ಕಳು ಕಚೇರಿಗೆ ತಾವೇ ಬರಬೇಕೆಂದಿಲ್ಲ. ಮಹಿಳಾ ಮಂಡಳದ ಅಕ್ಕಂದಿರ ಕೈಯಲ್ಲಿಯೂ ಕೊಟ್ಟಿರುತ್ತೇವೆ, ಹೆಸರು ಯಾರೂ ಬರೆದುಕೊಳ್ಳುವುದಿಲ್ಲ.

ಕಾರ್ಯದರ್ಶಿ