ಗುಂಡ್ಲುಹೊಳೆಗೆ ಅದರದೇ ನೀರು ಬೇಡವೆ?

ನಂಜನಗೂಡಿಗೆ ಬಂದವರು ಕಪಿಲೆಯಲ್ಲಿ ಮುಳುಗು ಹಾಕಿ ಪರಶುರಾಮನ ಗುಡಿಗೂ ಹೋಗಿ ಬರ್ತಾರೆ. ಅದರ ಹತ್ತಿರವೇ ಕಪಿಲೆಗೆ ಇನ್ನೊಂದು ಹೊಳೆ ಸೇರುತ್ತದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಪುರಾಣದವರು ಅದನ್ನು ಕೌಂಡಿನ್ಯ ಅಂದರು, ನಮಗೆ ಅದು ಗುಂಡ್ಲುಹೊಳೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ಹುಟ್ಟಿ, ಗುಂಡ್ಲುಪೇಟೆ ಹಾದು ಬರುವ ಸಣ್ಣ ಹೊಳೆ.

ಕಪಿಲೆಗೆ ವೈನಾಡಿನ ಮಳೆಯ ಬಲ ಉಂಟು. 2018 ಮತ್ತು 2019ರಲ್ಲಿ ಅದು ಉಕ್ಕಿ ನಂಜನಗೂಡು-ಮೈಸೂರು ರಸ್ತೆಯನ್ನೇ ಮುಚ್ಚಿಸಿತು. ಗುಂಡ್ಲುಹೊಳೆಗೆ ಆ ಭಾಗ್ಯ ಇಲ್ಲ. ಮಳೆನೆರಳಿನ ಸೀಮೆ, ನಮ್ಮ ಹೊಲಗಳ ಮೇಲೆ ಬಿದ್ದದ್ದೇ ಅದರ ಬಂಡವಾಳ.

ಇಂಥ ಹೊಳೆಯ ಒಡಲಲ್ಲಿ ಮರಳಿದ್ದರೆ ಮೇಲೆ ಹರಿವು ನಿಂತರೂ ಒಳಗೆ ನೀರಿರುತ್ತದೆ. ಬೇಸಿಗೆಯಲ್ಲಿ ಮೊಣಕಾಲುದ್ದ ಒರತೆ ತೋಡಿದರೆ ಕುಡಿಯೋ ನೀರು, ದನಕ್ಕೂ ನೀರು. ದಡದ ಹೊಂಗೆ ಸೊಪ್ಪು ಗದ್ದೆಗೆ ಗೊಬ್ಬರ, ಲಕ್ಕಿ ಸೊಪ್ಪು ಕಾಳಿನ ಹುಳಕ್ಕೆ ಮದ್ದು. ಹೊಳೆಮತ್ತಿ ಬೇರು ಮಣ್ಣು ಹಿಡಿಯುತ್ತದೆ. ಇದಕ್ಕೆಲ್ಲ ಯಾರೂ ಬಿಲ್ಲು ಕಳಿಸಿದ್ದಿಲ್ಲ, ಹಾಗಾಗಿ ಬೆಲೆಯೂ ತಿಳಿಯಲಿಲ್ಲ!

ಈಗ ಮರಳು ಲಾರಿ ಹತ್ತಿದೆ. ಅರಿಶಿನ, ಸಣ್ಣೀರುಳ್ಳಿಗೆ ಅಂತ ಕೊರೆದ ಬೋರುಗಳು ನೂರಾರು ಅಡಿ ಇಳಿದಿವೆ. ಅಂತರ್ಜಲ ಹೊಳೆಯ ತಳಕ್ಕಿಂತ ಕೆಳಗೆ ಹೋದ ಮೇಲೆ, ಬಂದ ಮಳೆನೀರನ್ನು ಒಣಗಿದ ನೆಲವೇ ಕುಡಿದುಬಿಡುತ್ತದೆ. ಸಂಗಮ ಮುಟ್ಟೋದು ಎಲ್ಲಿಂದ ಬಂತು?

ಸರ್ಕಾರ ನಮ್ಮ ತಾಲೂಕಿನ ಆಲಂಬೂರಿನಿಂದ ಕಪಿಲೆ ನೀರನ್ನು ಪಂಪು ಮಾಡಿ ಗುಂಡ್ಲುಪೇಟೆ ಕಡೆಯ ಕೆರೆಗಳಿಗೆ ಏರಿಸುತ್ತಿದೆ. ಬೇಡ ಅನ್ನುವವನಲ್ಲ ನಾನು. ಕೆರೆ ತುಂಬಿದರೆ ಸುತ್ತಲ ಬಾವಿ, ಬೋರಿಗೆ ಜೀವ ಬರುತ್ತದೆ. ಆದರೆ ವಿಚಿತ್ರ ನೋಡಿ: ಮೇಲಿಂದ ತಾನಾಗೇ ಇಳಿದು ಬರುತ್ತಿದ್ದ ನೀರನ್ನು ಕಳಕೊಂಡು, ಕೆಳಗಿನ ನೀರನ್ನು ಕರೆಂಟು ಸುಟ್ಟು ಹತ್ತಿಸುತ್ತಿದ್ದೇವೆ. ಕಪಿಲೆಯೂ ಅಕ್ಷಯಪಾತ್ರೆಯಲ್ಲ. ಬೀಚನಹಳ್ಳಿ ಅಣೆಕಟ್ಟೆಯ ಗೇಟು ಬಿಗಿಯಾದ ತಿಂಗಳುಗಳಲ್ಲಿ ತಿರುಮಕೂಡಲಿನ ತನಕ ಕೆಳಗಿನ ಪಾತ್ರಕ್ಕೆ ಆಸರೆ ಆಗಬೇಕಾದವು ಇಂಥ ಸಣ್ಣ ಹೊಳೆಗಳೇ ತಾನೆ? ಟಿ. ನರಸೀಪುರದವರು ಇದು ಗುಂಡ್ಲುಪೇಟೆಯ ಉಸಾಬರಿ ಅಂತ ಸುಮ್ಮನಿರುವ ಹಾಗಿಲ್ಲ.

ಪಂಪಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಕೆರೆಗೆ ನೀರು ತರುವ ಕಾಲುವೆಗಳಿಗೆ ಇಡಬೇಕು. ಒತ್ತುವರಿಯಾದ ಕಡೆ ಸರ್ವೆ ಮಾಡಿಸಿ ಬಿಡಿಸಬೇಕು. ಇದಕ್ಕೆ ನಮ್ಮವರೇ ಅಡ್ಡ ಬರ್ತಾರೆ, ಅದೂ ಗೊತ್ತು. ಮರಳು ಎತ್ತುವುದು ಪೂರಾ ನಿಲ್ಲಬೇಕು. ದಡದಲ್ಲಿ ಜಮೀನಿರುವವರು ನೇಗಿಲನ್ನು ನೀರಿನಂಚಿಗೆ ಒಯ್ಯದೆ ಎರಡು ಮಾರು ಬಿಟ್ಟು ಹೊಂಗೆ, ಮತ್ತಿ, ಬಿದಿರು ಹಾಕಲಿ. ಹೊಂಗೆ ಬೀಜ ಬೇಸಿಗೆಯಲ್ಲಿ ಮರದಡಿ ಬಿದ್ದಿರುತ್ತದೆ, ಆರಿಸಿಟ್ಟು ಮುಂಗಾರು ಹಿಡಿದ ಮೇಲೆ ಊರಿದರೆ ಸಾಕು. ಅದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ.